ನಾಲ್ಕು ಕೈಯ ಕೆಲಸ

ದೂರದ ದೋಣಿಯಲ್ಲಿ ನಿಂತವನ ಕಣ್ಣಿಗೆ, ಕಡಲ ಮೇಲೆ ತೇಲುವ ಮನುಷ್ಯನ ತಲೆಯೆಂದರೆ ಒಂದು ತೆಂಗಿನಕಾಯಿ. ನಮ್ಮ ಕರಾವಳಿಯಲ್ಲಂತೂ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡುವವರು ಬೇಕಾದಷ್ಟು ಜನ. ತೇಲುವ ಕಾಯಿ ಕಂಡರೆ ದೋಣಿ ತಿರುಗಿಸುವ ಮಾತಿರಲಿ, ಕೈ ಮುಗಿದು ಮುಂದೆ ಹೋಗುತ್ತಾರೆ. ಐವತ್ತು ದಾಟಿದ ಮೇಲೆ ಸ್ಕೂಬಾ ಕಲಿತ ನನಗೆ ಈ ಸತ್ಯ ಹೊಳೆದದ್ದು ಬೆಂಗಳೂರಿನ ಮನೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಹಾಸಿಗೆಯಲ್ಲಿ. ಬೆಳಗಾಗುವುದರೊಳಗೆ ನಾನು ಸರ್ಫೇಸ್ ಮಾರ್ಕರ್ ಬೂಯ್ ವಿಷಯದಲ್ಲಿ ಪಂಡಿತೆಯಾಗಿದ್ದೆ.

ಬೂಯ್ ಎಂದರೆ ಉದ್ದನೆಯ ಗಾಳಿಚೀಲ. ಮುಳುಗುವಾಗ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರಬೇಕು. ಮೇಲೆ ಬರುವ ಮುಂಚೆ ನೀರಿನಡಿಯಲ್ಲೇ ಅದಕ್ಕೆ ಗಾಳಿ ತುಂಬಿ, ದಾರ ಹಿಡಿದು ಮೇಲೆ ಬಿಡಬೇಕು. ಅದು ನೀರಿನ ಮೇಲೆ ನೆಟ್ಟಗೆ ನಿಂತು, ಕೆಳಗೊಬ್ಬಳಿದ್ದಾಳೆ, ದಯವಿಟ್ಟು ಅವಳ ಮೇಲೆ ದೋಣಿ ಹತ್ತಿಸಬೇಡಿ, ಆಮೇಲೆ ಮರೆಯದೆ ದೋಣಿಗೆ ಹತ್ತಿಸಿಕೊಳ್ಳಿ ಎಂದು ಊರಿಗೆಲ್ಲ ಸಾರುತ್ತದೆ. ಇಷ್ಟು ಸರಳ ವಸ್ತುವಿನಲ್ಲಿ ಎಷ್ಟು ಜಾತಿ! ತಳ ತೆರೆದದ್ದಕ್ಕೆ ಗಾಳಿ ತುಂಬುವುದು ಸುಲಭ, ಉಸಿರಿನ ಗುಳ್ಳೆ ಹಿಡಿದರೂ ಸಾಕು; ಆದರೆ ಮೇಲೆ ಹೋದಾಗ ದಾರ ಸಡಿಲವಾದರೆ ಅಡ್ಡ ಮಲಗಿ ಗಾಳಿಯನ್ನೆಲ್ಲ ಕಕ್ಕಿಬಿಡುತ್ತದೆ. ತಳ ಮುಚ್ಚಿದ್ದಕ್ಕೆ ಸಣ್ಣ ಕೊಳವೆಗೆ ಬಾಯಿಟ್ಟು ಊದಬೇಕು. ಗಾಳಿ ಹೆಚ್ಚಾದರೆ ಬಿಟ್ಟುಕೊಡಲು ಅದಕ್ಕೊಂದು ವಾಲ್ವ್ ಇರುತ್ತದೆ. ಉದ್ದ, ಮೊಳದಿಂದ ಹಿಡಿದು ಆಳೆತ್ತರದವರೆಗೆ. ಬಣ್ಣ, ಸಾಮಾನ್ಯವಾಗಿ ಕೆಂಪು ಅಥವಾ ಕಿತ್ತಳೆ. ಹಳದಿಯನ್ನು ಅನೇಕ ಕಡೆ ಅಪಾಯದ ಸಂಕೇತಕ್ಕೆಂದು ತೆಗೆದಿಟ್ಟಿರುತ್ತಾರೆ.

"ನೇತ್ರಾಣಿಯಲ್ಲಿ ದೋಣಿ ತಲೆಯ ಮೇಲೇ ಇರುತ್ತಲ್ಲೇ, ಇದೆಲ್ಲ ಯಾಕೆ?" ಎಂದರು ನಮ್ಮವರು. ಹಾಗೆಂದವರು ಅದೇ ವಾರ ನೀರೊಳಗೆ ಒಯ್ಯುವ ಕ್ಯಾಮೆರಾ ಕೊಂಡರು, ಅದಕ್ಕೊಂದು ದೀಪ, ದೀಪಕ್ಕೊಂದು ಕೈ. ಡೈವಿಂಗ್‌ಗೆ ಹೋಗುವವರದ್ದೆಲ್ಲ ಇದೇ ಕತೆ. ತಾವು ಕಂಡದ್ದನ್ನು ಊರಿಗೆ ತೋರಿಸಲು ಎಷ್ಟು ಬೇಕಾದರೂ ಸುರಿಯುತ್ತಾರೆ. ತಾವು ದೋಣಿಯವನಿಗೆ ಕಾಣಬೇಕು ಎಂಬುದಕ್ಕೆ ಮಾತ್ರ ಬಿಚ್ಚುವ ಕೈ ಇಲ್ಲ. ನಾನು ಹಟಕ್ಕೆ ಬಿದ್ದು 1.8 ಮೀಟರಿನ, ತಳ ಮುಚ್ಚಿದ, ತುದಿಯಲ್ಲಿ ಮಿಂಚುವ ಪಟ್ಟಿಯಿರುವ ಕಿತ್ತಳೆಯದನ್ನು ತರಿಸಿದೆ. ಜೊತೆಗೆ 30 ಮೀಟರ್ ದಾರದ ಸ್ಪೂಲು. ಮನೆಯ ಹಾಲ್‌ನಲ್ಲಿ ಊದಿ ನಿಲ್ಲಿಸಿದಾಗ ಅತ್ತೆಯವರು ಅದನ್ನೊಂದು ಸುತ್ತು ಹಾಕಿ, "ಯಾರ ಮನೆ ಮದುವೆಗಮ್ಮಾ?" ಎಂದರು.

ರಾತ್ರಿ ರೈಲು, ಮುರುಡೇಶ್ವರ, ತಿಂಡಿ, ದೋಣಿ. ನೇತ್ರಾಣಿ ದ್ವೀಪ ಅಲ್ಲಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿದ್ದವರಲ್ಲಿ ಹೆಚ್ಚಿನವರು ಮೊದಲ ಸಲ ಮುಳುಗಲು ಬಂದವರು. ಅವರನ್ನು ತರಬೇತುದಾರರೇ ಹಿಡಿದು ಒಯ್ದು ಹಿಡಿದು ತರುತ್ತಾರೆ. ನನ್ನ ಸೊಂಟದ ಸರಂಜಾಮು ಕಂಡು ಗೈಡ್ ಹುಡುಗ ನಕ್ಕ. ಗಿಳಿಮೀನು, ಚಿಟ್ಟೆಮೀನು ಎಲ್ಲ ಇದ್ದವಂತೆ. ನಾನು ನೋಡಲಿಲ್ಲ. ನನ್ನ ಮನಸ್ಸೆಲ್ಲ ಕೊನೆಯ ಮೂರು ನಿಮಿಷದ ಮೇಲಿತ್ತು.

ಮೇಲೆ ಬರುವ ಮುಂಚೆ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಮೈಯಲ್ಲಿ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಲಿ ಎಂದು. ಬೂಯ್ ಬಿಡಲು ಅದೇ ಮುಹೂರ್ತ. ಈಗ ಕೈ ಲೆಕ್ಕ ಹಾಕಿ. ಸ್ಪೂಲು ಹಿಡಿಯಲು ಒಂದು. ಬೂಯ್ ಹಿಡಿಯಲು ಒಂದು. ಬಾಯಲ್ಲಿರುವ ರೆಗ್ಯುಲೇಟರ್ ತೆಗೆದು, ಊದಿ, ಮತ್ತೆ ಇಟ್ಟುಕೊಳ್ಳಲು ಒಂದು. ಏರದೆ ಇಳಿಯದೆ ನಿಲ್ಲುವಂತೆ ಜಾಕೆಟ್ಟಿನ ಗಾಳಿ ನೋಡಿಕೊಳ್ಳಲು ಒಂದು. ದಡದಲ್ಲಿ 123 ಅಡಿ ಎತ್ತರಕ್ಕೆ ಕೂತಿರುವ ಶಿವನಿಗೆ ಸರಿಯಾಗಿ ನಾಲ್ಕು ಕೈ. ಅವನು ಸುಮ್ಮನೆ ಕೂತಿದ್ದಾನೆ.

ದೊಡ್ಡ ಉಸಿರೆಳೆದೆ. ಎಳೆದ ಕೂಡಲೇ ಮೇಲೇರತೊಡಗಿದೆ. ಪರವಾಗಿಲ್ಲ, ಊದಿದರೆ ಇಳಿಯುತ್ತೇನೆ ಎಂದುಕೊಂಡು ಊದಿದೆ. ಆದರೆ ನನ್ನ ಉಸಿರು ಶ್ವಾಸಕೋಶದಿಂದ ಬೂಯ್‌ಗೆ ವರ್ಗವಾಯಿತೇ ಹೊರತು ನನ್ನನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಬೂಯ್ ಇದ್ದದ್ದು ನನ್ನ ಕೈಯಲ್ಲೇ. ಏರುತ್ತಲೇ ಇದ್ದೆ. ಜಾಕೆಟ್ಟಿನ ಗಾಳಿ ಬಿಡಬೇಕು, ಅದಕ್ಕೊಂದು ಕೈ ಬೇಕು, ಇರುವ ಕೈಗಳಲ್ಲಿ ತೀರ ಬಡಪಾಯಿಯಾಗಿ ಕಂಡದ್ದು ಸ್ಪೂಲು ಹಿಡಿದದ್ದು. ಬಿಟ್ಟೆ.

ಸ್ಪೂಲು ಗಂಭೀರವಾಗಿ, ಯಾವ ಅವಸರವೂ ಇಲ್ಲದೆ, ಗಿರಗಿರ ತಿರುಗುತ್ತಾ ಪಾತಾಳಕ್ಕೆ ಹೊರಟಿತು. ದಾರದ ತುದಿ ಬೂಯ್‌ಗೆ ಕಟ್ಟಿದೆಯಲ್ಲ, ಎಳೆದುಕೊಂಡರಾಯಿತು. ಎಳೆದೆ. ದಾರ ಬಂತು, ಸ್ಪೂಲು ಬರಲಿಲ್ಲ. ಇನ್ನಷ್ಟು ಎಳೆದೆ. ಇನ್ನಷ್ಟು ದಾರ ಬಂತು. ನಾನು ಎಳೆದಷ್ಟೂ ಅದು ಕೆಳಗೆ ಕೂತು ಬಿಚ್ಚಿ ಬಿಚ್ಚಿ ಕೊಡುತ್ತಿತ್ತು. ದ್ರೌಪದಿಯ ಸೀರೆ ಸೆಳೆದವನ ಕಷ್ಟ ನನಗೆ ಅರ್ಥವಾದದ್ದು ಅಲ್ಲಿ. ಈ ಕಡೆ ಎಳೆದ ದಾರ ನೀರಲ್ಲಿ ಎಲ್ಲಿಗೆ ಹೋಗಬೇಕು? ಸುರುಳಿ ಸುರುಳಿಯಾಗಿ ನನ್ನ ಸುತ್ತಲೇ ನಿಂತಿತು. ಒಂದು ಸುತ್ತು ಮೊಣಕಾಲಿಗೆ, ಒಂದು ಫಿನ್ನಿಗೆ, ಒಂದು ಬೆನ್ನ ಮೇಲಿನ ಸಿಲಿಂಡರಿಗೆ. ಪಟ್ಟೆಪಟ್ಟೆ ಮೀನುಗಳ ಹಿಂಡೊಂದು ಬಂದು ಅರ್ಧ ಚಂದ್ರಾಕಾರದಲ್ಲಿ ನಿಂತು ನೋಡಿತು. ನಮ್ಮವರೂ ಬಂದರು, ದೀಪ ಹಾಕಿದರು, ಕ್ಯಾಮೆರಾ ಎತ್ತಿದರು. ನೀರೊಳಗೆ ಕ್ಷೇಮ ಎನ್ನಲು ಒಂದು ಸನ್ನೆಯಿದೆ, ತೊಂದರೆ ಎನ್ನಲು ಒಂದಿದೆ. ಆಗ ನಾನು ಅವರಿಗೆ ಹೇಳಬೇಕೆಂದಿದ್ದ ಮಾತಿಗೆ ಜಗತ್ತಿನ ಯಾವ ಡೈವಿಂಗ್ ಸಂಸ್ಥೆಯೂ ಸನ್ನೆ ಕಲಿಸುವುದಿಲ್ಲ. ಕೊನೆಗೆ 30 ಮೀಟರೂ ಮುಗಿದು ಬರಿಯ ಸ್ಪೂಲು ಮೇಲೆ ಬಂದಾಗ ನಾನು ರೇಷ್ಮೆಗೂಡಿನೊಳಗಿದ್ದೆ.

ಇಷ್ಟಾದರೂ ಹಟ ಬಿಡದೆ ಬೂಯ್ ಬಿಡಲು ಹೊರಟೆ. ಗೈಡ್ ಹುಡುಗ ಥಟ್ಟನೆ ನನ್ನ ಮಣಿಕಟ್ಟು ಹಿಡಿದ. ಈ ಸಲ ನಗುತ್ತಿರಲಿಲ್ಲ. ನನ್ನ ಬೂಯ್ ಹಿಡಿಸುವುದು ಇಪ್ಪತ್ತು ಲೀಟರಿನಷ್ಟು ಗಾಳಿ. ತುಂಬಿದರೆ ಇಪ್ಪತ್ತು ಕಿಲೋ ಎತ್ತುತ್ತದೆ. ದಾರ ಕಾಲಿಗೆ ಸುತ್ತಿದ್ದರೆ ಆ ಇಪ್ಪತ್ತು ಕಿಲೋದಲ್ಲಿ ನಾನೂ ಸೇರುತ್ತೇನೆ, ಬಾಣದಂತೆ. ಐದು ಮೀಟರಿನಲ್ಲಿ ಒತ್ತಡ ಒಂದೂವರೆ ಪಟ್ಟು; ಅಲ್ಲಿ ಎಳೆದ ಉಸಿರನ್ನು ಗಾಬರಿಯಲ್ಲಿ ಹಿಡಿದುಕೊಂಡು ಮೇಲೆ ಚಿಮ್ಮಿದರೆ ಶ್ವಾಸಕೋಶ ಹರಿಯಬಹುದು. ರಾಬರ್ಟ್ ಬಾಯ್ಲ್ 1662ರಲ್ಲೇ ಬರೆದಿಟ್ಟ ನಿಯಮ. ಹೈಸ್ಕೂಲಿನಲ್ಲಿ ಅದಕ್ಕೆ ನನಗೆ ಪೂರ್ತಿ ಅಂಕ ಬಂದಿತ್ತು. ಹುಡುಗ ಒಂದೊಂದೇ ಸುತ್ತು ಬಿಡಿಸಿ, ದಾರ ಸುತ್ತಿಟ್ಟು, ಎರಡೇ ಎರಡು ಸಲ ಊದಿ, ಕೈಬಿಟ್ಟ. ಅವನಿಗೂ ಎರಡೇ ಕೈ.

ನಾವು ತಲೆಯೆತ್ತಿದಾಗ ದೋಣಿ ಇರಲಿಲ್ಲ. ಇನ್ನೊಂದು ಗುಂಪನ್ನು ತರಲು ದ್ವೀಪದ ಆಚೆ ಬದಿಗೆ ಹೋಗಿತ್ತು. ನೀರಿನ ಸೆಳೆತ ನಮ್ಮನ್ನು ಇಳಿದ ಜಾಗದಿಂದ ಸಾಕಷ್ಟು ದೂರ ತಂದಿತ್ತು. ಬೂಯ್ ಮಾತ್ರ, ದಾರ ಬಿಗಿಹಿಡಿದಷ್ಟು ಹೊತ್ತೂ, ಸೆಟೆದು ನಿಂತಿತ್ತು. ಆಗ ನೆನಪಾದದ್ದು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್. 1998ರ ಜನವರಿಯಲ್ಲಿ ಅಮೆರಿಕದ ಗಂಡ ಹೆಂಡತಿ ಅಲ್ಲಿ ಮುಳುಗಿ ಮೇಲೆ ಬಂದಾಗ ಅವರ ದೋಣಿ ಹೊರಟುಹೋಗಿತ್ತು. ತಲೆ ಎಣಿಸಿದ್ದರಲ್ಲಿ ತಪ್ಪು. ದೋಣಿಯಲ್ಲಿ ಉಳಿದ ಅವರ ಚೀಲ ಕಂಡು ವಿಷಯ ಹೊಳೆಯುವಾಗ ಎರಡು ದಿನ ಕಳೆದಿತ್ತು. ಅವರು ಸಿಗಲೇ ಇಲ್ಲ. ನೋಡುವವರೇ ಇಲ್ಲದ ಕಡಲಿನಲ್ಲಿ ಬೂಯ್ ಎಷ್ಟೆತ್ತರ ನಿಂತು ಏನು? ಬೆಳಿಗ್ಗೆ ನಮ್ಮ ದೋಣಿಯಲ್ಲಿ ತಲೆ ಎಣಿಸಿದವರು ಯಾರು ಎಂದು ಜ್ಞಾಪಿಸಿಕೊಂಡೆ. ಎಲ್ಲರೂ ಸೆಲ್ಫಿಗೆ ನಿಂತಿದ್ದರು. ನಮ್ಮವರ ಕೈ ಹಿಡಿದುಕೊಂಡೆ. ಕ್ಯಾಮೆರಾ ಇಲ್ಲದ ಕೈ.

ಅಷ್ಟರಲ್ಲಿ ದೋಣಿ ದ್ವೀಪದ ಬಂಡೆ ಸುತ್ತಿ ಬಂತು. ನೇರ ನಮ್ಮ ಕಡೆಗೇ ಬಂತು. ಬಂದದ್ದು, ಇದ್ದಕ್ಕಿದ್ದಂತೆ ಮೂತಿ ತಿರುಗಿಸಿ ದೂರ ಹೋಯಿತು! ಹುಡುಗ ಸೀಟಿ ಊದಿದ, ನಾನು ಅರಚಿದೆ, ನಮ್ಮವರು ಕ್ಯಾಮೆರಾದ ದೀಪ ಬೀಸಿದರು. ಮತ್ತೊಂದು ಸುತ್ತು ಹಾಕಿ ಬಂದು ಹತ್ತಿಸಿಕೊಂಡ ದೋಣಿಯವನನ್ನು ನಾನು ಬಿಡಲಿಲ್ಲ. "ಇಷ್ಟೆತ್ತರದ್ದು ಕಾಣಲಿಲ್ಲವೇನಪ್ಪಾ ನಿನಗೆ?"

"ಕಾಣದೆ ಎಂತ ಮೇಡಂ, ಅಲ್ಲಿಂದಲೇ ಕಂಡಿತ್ತು. ಯಾರದೋ ಬಲೆಯ ಗುರುತು ಅಂದ್ಕೊಂಡೆ. ಬಲೆ ಫ್ಯಾನಿಗೆ ಸುತ್ತಿದರೆ ಆಯ್ತಲ್ಲ ನಮ್ಮ ಕತೆ. ಅದಕ್ಕೇ ದೂರ ಹೋದೆ."

ಆಮೇಲೆ ಬೂಯ್‌ನ ಗಾಳಿ ಹಿಂಡಿ ಕೊಡುತ್ತಾ, ಇದಕ್ಕೆ ಎಷ್ಟಾಯಿತು ಎಂದು ಕೇಳಿದ. ನಾನು ಸಮುದ್ರ ನೋಡಿದೆ. ನಮ್ಮವರು ಹೇಳಿದರು, ಸಾಗಾಣಿಕೆಯೂ ಸೇರಿಸಿ. ಅವನು ಬೂಯ್‌ನ ಎರಡೂ ಬದಿ ತಿರುಗಿಸಿ ನೋಡಿ ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟ. "ನಮ್ಮನೇಲಿ ಎಣ್ಣೆಯ ಖಾಲಿ ಕ್ಯಾನ್ ಉಂಟು ಮೇಡಂ. ಬೇಕಾದರೆ ಸಂಜೆ ತಂದುಕೊಡ್ತೆ."