ಹಿರೋಷಿಮಾವನ್ನು ಆಕಾಶದಿಂದ ಚಿತ್ರಿಸಿದವರಿಗೆ ಬಹಿರಂಗ ಪತ್ರ

ಮಾನ್ಯರೇ,

1945ರಲ್ಲಿ ಅಮೆರಿಕದ ಸೇನಾ ವಿಮಾನದಲ್ಲಿ ಕೂತು ಹಿರೋಷಿಮಾದ ಫೋಟೊ ತೆಗೆದವರು ನೀವು. ಅಣುಬಾಂಬಿಗೆ ಮುಂಚಿನದೊಂದು, ಆಮೇಲಿನದೊಂದು. ಎರಡರ ಮೇಲೂ ಸಾವಿರ ಅಡಿಗೊಂದರಂತೆ ವೃತ್ತ ಎಳೆದು ಅಕ್ಕಪಕ್ಕ ಅಚ್ಚು ಹಾಕಿದರು. ಆ ಜೋಡಿಚಿತ್ರ ಇವತ್ತಿಗೂ ಪುಸ್ತಕದಿಂದ ಪುಸ್ತಕಕ್ಕೆ ಸಾಗುತ್ತಿದೆ. ನನ್ನ ತಕರಾರು ಅದರ ಮೇಲೆಯೇ.

ಎರಡನೆಯ ಚಿತ್ರದಲ್ಲಿ ಓಟಾ ನದಿಯ ಕವಲುಗಳು ಮೊದಲಿದ್ದ ಹಾಗೇ ಇವೆ. ಟಿ ಆಕಾರದ ಐಓಯಿ ಸೇತುವೆಯೂ ನಿಂತಿದೆ. ಬೂದಿಯ ನಡುವೆ ರಸ್ತೆಗಳು ಎದ್ದು ಕಾಣುತ್ತವೆ. ನೋಡಿದವರಿಗೆ ಆ ಜಾಗ ಹಿಂದಿನಿಂದಲೂ ಬಯಲೇ ಆಗಿತ್ತೇನೋ ಅನ್ನಿಸಬೇಕು, ಅಷ್ಟು ಚೊಕ್ಕಟ. ಆ ಸೇತುವೆಯನ್ನು ಗುರಿಯಾಗಿ ಆರಿಸಿದ್ದು ಮೇಲಿನಿಂದ ಸುಲಭವಾಗಿ ಗುರುತು ಸಿಗುತ್ತದೆಂದು. ಗುರಿ ಹಿಡಿದದ್ದೂ ಆಕಾಶದಿಂದ, ನಾಶದ ಅಳತೆ ತೆಗೆದದ್ದೂ ಆಕಾಶದಿಂದ.

ಸೇತುವೆಯ ದಕ್ಷಿಣಕ್ಕೆ, ಎರಡು ಕವಲುಗಳ ನಡುವೆ ಇದ್ದದ್ದು ನಕಾಜಿಮಾ. ಅಂಗಡಿ, ಸಿನಿಮಾ ಮಂದಿರ, ವಸತಿಗೃಹಗಳು ಒತ್ತೊತ್ತಾಗಿದ್ದ ಹಳೆಯ ಪೇಟೆ. ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಬಾಂಬು ಅದರ ಹತ್ತಿರದಲ್ಲೇ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿಯಿತು. ಅಲ್ಲಿನ ಒಂದು ಕಾಂಕ್ರೀಟ್ ಕಟ್ಟಡದಲ್ಲಿ ಕಾಗದಪತ್ರ ತರಲೆಂದು ನೆಲಮಾಳಿಗೆಗೆ ಇಳಿದಿದ್ದ ನೌಕರರೊಬ್ಬರು ಬದುಕುಳಿದರು. ನಿಮ್ಮ ಚಿತ್ರದಲ್ಲಿ ಆ ಕಟ್ಟಡ ಕಾಣುತ್ತದೆ, ನೆಲಮಾಳಿಗೆಯ ಮೆಟ್ಟಿಲು ಕಾಣುವುದಿಲ್ಲ.

ಇನ್ನೊಂದು ಮಾತು. ಆ ಬಯಲಿನಲ್ಲಿ ಕೆಲವು ಪಟ್ಟಿಗಳನ್ನು ತೆರವು ಮಾಡಿದ್ದು ಬಾಂಬಲ್ಲ, ಶಾಲಾ ಮಕ್ಕಳು. ವಾಯುದಾಳಿಯ ಬೆಂಕಿ ಹರಡದಿರಲೆಂದು ಮನೆಗಳನ್ನು ಕೆಡವಿಸಿ, ಹೆಂಚು ಮರ ಹೊರಲು ಹನ್ನೆರಡು ಹದಿಮೂರು ವರ್ಷದವರನ್ನು ಸರ್ಕಾರ ಕರೆಸಿತ್ತು. ಅವತ್ತು ಬೆಳಿಗ್ಗೆ ಬಟಾಬಯಲಿನಲ್ಲಿ ಕೆಲಸಕ್ಕೆ ನಿಂತಿದ್ದ ಸಾವಿರಾರು ಮಕ್ಕಳು ಸತ್ತರು. ಅವರು ತೆರವು ಮಾಡಿದ್ದು ಯಾವುದು, ಬಾಂಬು ಬಯಲು ಮಾಡಿದ್ದು ಯಾವುದು ಎಂದು ನಿಮ್ಮ ಚಿತ್ರ ನೋಡಿ ಯಾರೂ ಹೇಳಲಾರರು. ನನ್ನನ್ನು ಅತಿಯಾಗಿ ಕಾಡುವುದು ಇದೇ.

ಅದೇ ದಿನ ನೆಲದ ಮೇಲೆ ಚೂಗೊಕು ಶಿಂಬುನ್ ಪತ್ರಿಕೆಯ ಛಾಯಾಗ್ರಾಹಕ ಯೋಶಿತೊ ಮತ್ಸುಶಿಗೆ ಮಿಯುಕಿ ಸೇತುವೆಯ ಬಳಿ ಕ್ಯಾಮೆರಾ ಎತ್ತಿದರು. ಚರ್ಮ ಸುಲಿದು ಕುಳಿತವರನ್ನು ಕಂಡು ಬಟನ್ ಒತ್ತಲು ಅವರಿಗೆ ಕೂಡಲೇ ಕೈ ಬರಲಿಲ್ಲ. ಇಡೀ ದಿನದಲ್ಲಿ ಉಳಿದದ್ದು ಐದು ಚಿತ್ರ. ಆ ಐದರಲ್ಲಿರುವ ಹಿಂಜರಿಕೆಯನ್ನು ನಾನು ನಂಬುತ್ತೇನೆ.

ನಕಾಜಿಮಾ ಈಗ ಶಾಂತಿ ಉದ್ಯಾನ. ಅಲ್ಲಿ ಅಗೆದಾಗ ಸಿಕ್ಕ ಮನೆಯ ಅವಶೇಷಗಳನ್ನು, ಸುಟ್ಟು ಕರಕಲಾದ ತತಾಮಿ ಚಾಪೆ ಮತ್ತು ನೆಲಹಲಗೆಗಳ ಸಮೇತ, 2022ರಿಂದ ಜನರಿಗೆ ತೋರಿಸುತ್ತಿದ್ದಾರೆ. ಮಣ್ಣು ತುಂಬಿಸಿ ಹುಲ್ಲು ಬೆಳೆಸಿದ ನೆಲದ ಕೆಳಗೆ ಊರು ಇನ್ನೂ ಇದೆ.

ನಿಮ್ಮ ಚಿತ್ರವನ್ನು ಮರುಮುದ್ರಿಸುವವರೂ ಈ ಪತ್ರ ಓದಲಿ. ಅದನ್ನು ಕೈಬಿಡಿ ಎಂದು ಕೇಳುವುದಿಲ್ಲ. ಬೂದುಬಣ್ಣದ ಆ ಜಾಗದ ಮೇಲೆ ನಕಾಜಿಮಾ ಹೊಮ್ಮಾಚಿ, ಜೈಮೊಕು ಚೊ, ತೆಂಜಿನ್ ಮಾಚಿ ಎಂದು ಕೇರಿಗಳ ಹೆಸರು ಬರೆಯಿರಿ. ಜಾಗ ಸಾಲದಿದ್ದರೆ ವೃತ್ತಗಳನ್ನು ಅಳಿಸಿ.

ಇತಿ,
ಒಬ್ಬ ಓದುಗ