ಸತ್ತ ಕಂಪ್ಯೂಟರಿನ ಪೌತಿ ಖಾತೆ

ಪಾಂಡವಪುರದಲ್ಲಿ ಮೂವತ್ತು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದು ಹೊಟ್ಟೆ ಹೊರೆದವನು ನಾನು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಅಂತ ಅಷ್ಟಭೋಗಗಳನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ. ಊರಿನವರ ಆಸ್ತಿಗೆಲ್ಲ ಚಕ್ಕುಬಂದಿ ಹಾಕಿಕೊಟ್ಟ ನನಗೆ, ನನ್ನದೇ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ನನ್ನದೆಷ್ಟು, ಪರರದೆಷ್ಟು ಅಂತ ಗೊತ್ತಿರಲಿಲ್ಲ ನೋಡಿ.

ಒಂದು ಮಳೆಗಾಲದ ಸಂಜೆ ಕರೆಂಟು ಬಂತು, ಹೋಯಿತು, ಮತ್ತೆ ಬಂತು. ಡಬ್ಬದೊಳಗೆ ಟಪ್ ಅಂದಿತು. ಆಮೇಲೆ ಮಾತಿಲ್ಲ ಕತೆಯಿಲ್ಲ. ಹೊತ್ತುಕೊಂಡು ಹೋಗಿ ರಿಪೇರಿ ಹುಡುಗನ ಮುಂದಿಟ್ಟೆ.

"ಬೋರ್ಡ್ ಹೋಗದೆ ಸಾ. ಹಾರ್ಡ್‌ಡಿಸ್ಕು ಗುಂಡುಕಲ್ಲಿದ್ದಂಗದೆ."

"ಹಂಗಾದ್ರೆ ಸರಿ. ಒಂದು ಅಸೆಂಬಲ್ ಡಬ್ಬ ಕೊಡು, ಹಳೇ ವಿಂಡೋಸನ್ನ ಅದಕ್ಕೆ ವರ್ಗ ಮಾಡು. ದುಡ್ಡು ಕೊಟ್ಟು ತಂದಿರೋದು, ಇಲ್ಲಿದೆ ನೋಡು ಚೀಟಿ."

ಡಬ್ಬದ ಪಕ್ಕೆಗೆ ಅಂಟಿದ್ದ ಆ ಚೀಟಿಯಲ್ಲಿ ಐದೈದು ಅಕ್ಷರದ ಐದು ಗುಂಪು, ಒಟ್ಟು ಇಪ್ಪತ್ತೈದು. 2012ರಲ್ಲಿ ವಿಂಡೋಸ್ 7 ಸಮೇತ ಕೊಂಡಾಗಿನಿಂದ ನಾನು ಅದನ್ನು ಪಹಣಿಯಂತೆ ಜೋಪಾನ ಮಾಡಿದ್ದೆ. ಆಮೇಲೆ ಪುಕ್ಕಟೆಯಾಗಿ ವಿಂಡೋಸ್ 10 ಬಂದು ಕೂತಿತ್ತು. ಹುಡುಗ ಚೀಟಿಯ ಕಡೆ ಕಣ್ಣೂ ಹಾಯಿಸಲಿಲ್ಲ.

"ಆಗಕ್ಕಿಲ್ಲ ಸಾ. ಅದು ಓಇಎಮ್ಮು. ಬೋರ್ಡ್ ಸತ್ರೆ ಅದೂ ಸತ್ತಂಗೇಯ."

ಸತ್ತರೆ ಏನಾಯಿತು? ಪೌತಿ ಖಾತೆ ಅಂತ ಒಂದಿದೆಯಲ್ಲ! ಅಪ್ಪ ತೀರಿಕೊಂಡರೆ ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ಮಕ್ಕಳ ಹೆಸರಿಗೆ ಖಾತೆ ಮಾಡಿಸುವುದಿಲ್ಲವೆ? ಹುಡುಗ ನಕ್ಕು ಬೇರೆ ಗಿರಾಕಿ ಕಡೆ ತಿರುಗಿಕೊಂಡ.

ಮನೆಗೆ ಬಂದು ವಿಂಡೋಸಿನ ಕರಾರನ್ನು ಓದಿದೆ. ಓದುವವರು ಯಾರೂ ಇಲ್ಲ ಅಂತ ಗೊತ್ತಿದ್ದೇ ಬರೆದ ಹಾಗಿತ್ತು. ಆ ವಿದ್ಯೆ ನಮ್ಮ ಕಸುಬಿನವರಿಗೂ ಹೊಸದಲ್ಲ. ಸಾರಾಂಶ ಇಷ್ಟು. ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸು, ಅಂದರೆ ಓಇಎಂ, ತೋಟದಲ್ಲಿ ನಿಂತ ತೆಂಗಿನ ಮರ. ತೋಟ ಮಾರಿದರೆ ಮರವೂ ಕೊಂಡವನ ಪಾಲು. ಮರ ಮಾತ್ರ ಕಿತ್ತು ಪಕ್ಕದ ತೋಟಕ್ಕೆ ನೆಡುವ ಹಾಗಿಲ್ಲ. ಅಂಗಡಿಯಲ್ಲಿ ಬೇರೆಯಾಗಿ ಕೊಂಡ ರಿಟೇಲ್ ಲೈಸೆನ್ಸು ಮೂಟೆ ಕಟ್ಟಿದ ಕಾಯಿ. ಒಂದು ಗಾಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರಬಹುದು, ಎರಡು ಗಾಡಿಯಲ್ಲಿ ಏಕಕಾಲಕ್ಕೆ ಇರಕೂಡದು ಅಷ್ಟೆ. ರ‍್ಯಾಮು, ಡಿಸ್ಕು ಬದಲಾಯಿಸಿದರೆ ತಕರಾರಿಲ್ಲ, ಅದು ಬೇಲಿ ರಿಪೇರಿ. ಬೋರ್ಡು ಮಾತ್ರ ಭೂಮಿ. ವಾರಂಟಿಯಲ್ಲಿದ್ದಾಗ ತಯಾರಿಸಿದವರೇ ಬೋರ್ಡು ಬದಲಾಯಿಸಿ ಕೊಟ್ಟರೆ ಹಕ್ಕು ಉಳಿಯುತ್ತದೆ. ನನ್ನ ವಾರಂಟಿ ಮುಗಿದು ಎಷ್ಟು ಉಗಾದಿ ಕಳೆದಿದ್ದವೋ! ವಿಂಡೋಸ್ 8ರಿಂದ ಈಚೆಗಂತೂ ಚೀಟಿಯ ಆಟವೂ ಇಲ್ಲ, ಇಪ್ಪತ್ತೈದು ಅಕ್ಷರವನ್ನು ಬೋರ್ಡಿನ ಹೊಟ್ಟೆಯೊಳಗೇ ಬರೆದಿರುತ್ತಾರೆ.

ಕೆ.ಆರ್. ಪೇಟೆಯ ನನ್ನ ಬಾಮೈದ ಇದನ್ನೆಲ್ಲ ನಂಬುವ ಜಾತಿಯಲ್ಲ. "ಬಾವ, ನಮ್ಮೂರು ಅಟ್ಟಿಗುಪ್ಪೆ ಆಗಿದ್ದಿದ್ದು ಕೃಷ್ಣರಾಜಪೇಟೆ ಆಗ್ನಿಲ್ವಾ? ನಿಮ್ಮ ಫ್ರೆಂಚ್ ರಾಕ್ಸು ಪಾಂಡವಪುರ ಆಗ್ನಿಲ್ವಾ? ಬೋರ್ಡ್ ಬದಲಾಯ್ಸಿದ್ರೆ ಊರು ಬದಲಾಯ್ತದಾ ಬುಡಿ" ಅಂತ ಹಳೇ ಡಿಸ್ಕನ್ನು ನಾನು ಕೊಂಡು ತಂದಿದ್ದ ಅಸೆಂಬಲ್ ಡಬ್ಬಕ್ಕೆ ಸಿಕ್ಕಿಸಿಯೇಬಿಟ್ಟ. ಪುಣ್ಯಾತ್ಮ, ಅದು ಎದ್ದು ಕೂತೂಬಿಟ್ಟಿತು! ಬಾಡೂಟ ಹಾಕಿಸಿ ಕಳಿಸಿದೆ. ಮರುದಿನ ನೋಡಿದರೆ ಪರದೆಯ ಬಲಗಡೆ ತಳದಲ್ಲಿ, ಮಾಸಿದ ಅಕ್ಷರದಲ್ಲಿ, ವಿಂಡೋಸ್ ಆಕ್ಟಿವೇಟ್ ಮಾಡಿ ಅಂತ ಬುದ್ಧಿವಾದ. ಪತ್ರ ಟೈಪು ಮಾಡುವಾಗ ಹಿಂದೆ ನಿಂತು ಇಣುಕುತ್ತಿದ್ದ ಪಾರ್ಟಿ ಕೇಳಿದ: "ಸಾಮಿ, ಕೆಳಗಡೆ ಏನೋ ಬಾಕಿ ಅಂತ ಬರ್ಕಂಡದಲ್ಲ, ನನ್ ಜಮೀನ್ ಮೇಲೆ ಸಾಲಗೀಲ ಅದಾ?"

ನಾಗಮಂಗಲದಲ್ಲಿ ಒಬ್ಬ ಇದ್ದಾನೆ, ಎಂಥದನ್ನೂ ಎಬ್ಬಿಸುತ್ತಾನೆ ಅಂತ ಯಾರೋ ಅಂದರು. ಬಸ್ಸು ಹತ್ತಿದೆ. ಅವನು ಡಬ್ಬ ಬಿಚ್ಚಲೂ ಇಲ್ಲ. "ಮುನ್ನೂರು ಕೊಡಿ ಸಾ, ಕ್ರ್ಯಾಕ್ ಹಾಕ್ತೀನಿ. ಜೀವಮಾನ ಪೂರ್ತಿ ಕೇಳಕ್ಕಿಲ್ಲ." ಅಲ್ಲಪ್ಪಾ, ಕಳ್ಳ ಹೆಬ್ಬೆಟ್ಟು, ಕಳ್ಳ ಸಹಿ ಪತ್ತೆ ಮಾಡಿಯೇ ತಲೆ ಬೆಳ್ಳಗಾದವನು ನಾನು. ಕಳ್ಳ ವಿಂಡೋಸಿನಲ್ಲಿ ಕೂತು ಶುದ್ಧ ಕ್ರಯಪತ್ರ ಬರೆಯಲೆ? ಅದರ ಜೊತೆ ಇನ್ಯಾವ ವೈರಸ್ಸು ನೆಂಟಸ್ತನ ಬೆಳೆಸಿಕೊಂಡು ಬರುತ್ತದೋ! ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಜ್ಜ ನನ್ನ ಕತೆ ಪೂರ್ತಿ ಕೇಳಿ, "ಎರಕ ಹೊಯ್ದ ಮೇಲೆ ವಿಗ್ರಹದಿಂದ ಹಿತ್ತಾಳೆ ಬೇರೆ ತೆಗಿಯಕಾಯ್ತದಾ ಸಾಮಿ?" ಅಂದ. ನಾಗಮಂಗಲ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಕಂಪ್ಯೂಟರ್ ಹುಡುಗರಿಗಿಂತ ಚೆನ್ನಾಗಿ ಓಇಎಂ ಅರ್ಥ ಮಾಡಿಸಿದವನು ಅವನೇ.

ಕಡೆಗೆ ಸಿಕ್ಕಿದ್ದು ಬೆಂಗಳೂರಿನ ಅಳಿಯ. ತನ್ನ ತಾತನ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಪಶ್ಚಿಮವಾಹಿನಿಯ ಮೆಟ್ಟಿಲ ಮೇಲೆ, ಪುರೋಹಿತರು ಬರುವುದರೊಳಗೆ, ನನ್ನ ದುಃಖವನ್ನೂ ಬಿಟ್ಟೆ.

"ಜರ್ಮನಿಯಲ್ಲಿ ಆಗಿದ್ರೆ ನೀವು ಗೆಲ್ತಿದ್ರಿ ಮಾವ. 2000ದ ಜುಲೈನಲ್ಲಿ ಅಲ್ಲಿನ ದೊಡ್ಡ ಕೋರ್ಟು, ಒಂದ್ಸಲ ಮಾರಿದ ಮೇಲೆ ಓಇಎಂ ಪ್ರತೀನ ಡಬ್ಬ ಇಲ್ಲದೆ ಮಾರಿದ್ರೂ ಮೈಕ್ರೋಸಾಫ್ಟ್ ತಡೆಯೋ ಹಾಗಿಲ್ಲ ಅಂತ ತೀರ್ಪು ಕೊಡ್ತು."

"ನಮ್ಮ ಮೇಲುಕೋಟೆಯಲ್ಲಿ ಅದಕ್ಕಿಂತ ಮೊದಲೇ ತೀರ್ಮಾನ ಆಗಿದೆ ಕಣಯ್ಯ" ಅಂದೆ. ಸುಮ್ಮನೆ ಸೋಲುವುದು ಹೇಗೆ? ಐತಿಹ್ಯದ ಪ್ರಕಾರ ವೈರಮುಡಿ ಕಿರೀಟ ಮೊದಲು ಕ್ಷೀರಸಾಗರದ ನಾರಾಯಣನದು. ವಿರೋಚನ ಕದ್ದ, ಗರುಡ ಬಿಡಿಸಿ ತಂದ, ದಾರಿಯಲ್ಲಿ ಕೃಷ್ಣನ ತಲೆಗೆ ಬಂತು, ಅಲ್ಲಿಂದ ಚೆಲುವನಾರಾಯಣನಿಗೆ. ಒಂದು ಸಲಕ್ಕೆ ಒಂದೇ ತಲೆ! ಉತ್ಸವದ ಹೊತ್ತು ಬಿಟ್ಟರೆ ವರ್ಷವಿಡೀ ಮಂಡ್ಯ ಖಜಾನೆಯಲ್ಲಿ ಭದ್ರ. ಅಪ್ಪಟ ರಿಟೇಲ್ ಲೈಸೆನ್ಸು.

ಅಳಿಯ ನಕ್ಕ. ಆಮೇಲೆ ತಣ್ಣಗೆ ಹೇಳಿದ: "ಖಾತೆ ಆದ್ರೂ ಏನು ಪ್ರಯೋಜನ ಮಾವ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವೇ ಮುಗೀತು. 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಕೇಳುತ್ತೆ, ನಿಮ್ಮ ಡಬ್ಬದಲ್ಲಿ ಅದಿಲ್ಲ." ಅಂದರೆ ನಾನು ಇಷ್ಟು ದಿನ ಹೊಡೆದಾಡಿದ್ದು ವಿ.ಸಿ. ನಾಲೆಯಲ್ಲಿ ನೀರು ನಿಲ್ಲಿಸಿದ ಮೇಲೆ ಭತ್ತದ ಗದ್ದೆಗೆ!

ಅವನೇ ಮನೆಗೆ ಬಂದು ಲಿನಕ್ಸ್ ಹಾಕಿಕೊಟ್ಟ. ಅದು ಗೋಮಾಳ. ಯಾರ ದನ ಬೇಕಾದರೂ ಮೇಯಬಹುದು, ಪರಭಾರೆಯ ಮಾತೇ ಇಲ್ಲ, ಒತ್ತುವರಿಯ ಕೇಸೂ ಇಲ್ಲ. ನನಗೆ ರೂಢಿಯಾಗಿದ್ದ ಕೆಜಿಪಿ ಕನ್ನಡ ಕೀಲಿಮಣೆ ಅದರಲ್ಲೂ ಇರುವುದರಿಂದ ಬೆರಳಿಗೆ ಹೊಸ ಪಾಠ ಬೇಕಾಗಲಿಲ್ಲ. ಆದರೆ ನುಡಿ ತಂತ್ರಾಂಶದ ಹಳೇ ಅಕ್ಷರದಲ್ಲಿದ್ದ ನನ್ನ ಪತ್ರಗಳನ್ನು ತೆರೆದರೆ ಪುಟದ ತುಂಬ ಸೊಟ್ಟ ಸೊಟ್ಟ ಇಂಗ್ಲಿಷ್ ಚಿಹ್ನೆಗಳು. ಒಂದೊಂದನ್ನೂ ಯೂನಿಕೋಡಿಗೆ ಪರಿವರ್ತಿಸಬೇಕು. ದಿನಕ್ಕೆ ನಾಲ್ಕೈದು ಮಾಡುತ್ತಿದ್ದೇನೆ. ಒತ್ತಕ್ಷರ ಒಂದೆರಡು ಇನ್ನೂ ಹಟ ಹಿಡಿಯುತ್ತವೆ.

ಸತ್ತ ಡಬ್ಬ ಅಟ್ಟದ ಮೇಲಿದೆ, ಚೀಟಿ ಸಮೇತ. ಯಾರಾದರೂ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಕೊಳ್ಳಲು ಹೊರಟಿದ್ದರೆ, ಮಾರುವವನು ಚೀಟಿ ತೋರಿಸಿ ರೇಟು ಏರಿಸಿದಾಗ ಬೋರ್ಡು ಅದರದೇ ಹೌದೋ ಅಂತ ಮೊದಲು ಕೇಳಿ, ಆಮೇಲೆ ಚೌಕಾಸಿ ಮಾಡಿ.