ತಟ್ಟೆ ಬಾರಿಸುವ ಅಂಕಲ್

ಶಾಲೆಯ ದಾಖಲೆ ಪ್ರಕಾರ ನಾನು ಹುಟ್ಟಿದ್ದು ಜೂನ್ 1ರಂದು. ನನ್ನ ಕ್ಲಾಸಿನ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದೂ ಅಂದೇ. ಹೆಸರು ಹಚ್ಚಲು ಬಂದ ಅಪ್ಪಂದಿರು ತಾರೀಖು ಕೇಳಿದೊಡನೆ ತಲೆ ಕೆರೆದುಕೊಂಡಾಗ ಹೆಡ್ ಮಾಸ್ತರರು ಒಂದೇ ಪೆನ್ನಿನಲ್ಲಿ ನಮ್ಮನ್ನೆಲ್ಲ ಹಡೆದುಬಿಟ್ಟರು. ಅವ್ವನನ್ನು ಕೇಳಿದರೆ, ‘ಸೀಗಿ ಹುಣ್ಣಿಮಿ ಮುಂದ, ಮಳಿ ಜಿಟಿಜಿಟಿ ಹಿಡದಿತ್ತು’ ಅನ್ನುತ್ತಿದ್ದಳು. ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ ಕ್ಯಾಂಪ್ ಇದೆಯಲ್ಲ, ಅವರ ಹಳೆಯ ಪದ್ಧತಿಯಲ್ಲಿ ಹೊಸ ವರ್ಷದ ಲೋಸರ್ ಹಬ್ಬ ಬಂತೆಂದರೆ ಎಲ್ಲರಿಗೂ ಒಟ್ಟಿಗೇ ಒಂದು ವರ್ಷ ಕೂಡುತ್ತದಂತೆ. ನಮ್ಮ ಹೆಡ್ ಮಾಸ್ತರರು ಮಾಡಿದ್ದೂ ಅದನ್ನೇ. ಹಬ್ಬ ಮಾಡುವುದೊಂದನ್ನು ಬಿಟ್ಟರು.

ಹಾಗಾಗಿ ಈಗ ದಾಂಡೇಲಿಯ ನಮ್ಮ ಓಣಿಯಲ್ಲಿ ಯಾವ ಕೂಸಿನ ಹುಟ್ಟುಹಬ್ಬವಿದ್ದರೂ ಕರೆಯುವ ಮೊದಲೇ ನಾನು ಹಾಜರು. ಆಟ ಆಡಿಸುವ ಹುದ್ದೆಗೆ ನನ್ನನ್ನು ನೇಮಿಸಿದವರು ಯಾರೂ ಇಲ್ಲ, ತೆಗೆಯುವ ಧೈರ್ಯ ಮಾಡಿದವರೂ ಇಲ್ಲ. ಕುರ್ಚಿ ಆಟದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯುತ್ತದೆ. ಲಿಂಬು-ಚಮಚದಲ್ಲಿ ಮಂಚದಡಿ ಉರುಳಿದ ಲಿಂಬು ದೀಪಾವಳಿಗೆ ಧೂಳು ಹೊಡೆಯುವಾಗ ಸಿಗುತ್ತದೆ. ಬಲೂನಿನದಂತೂ ಅಳುವಿನಲ್ಲೇ ಮುಗಿಯುವ ಆಟ. ನನ್ನ ಜೀವ ಇರುವುದು ಪಾರ್ಸೆಲ್ ಆಟದಲ್ಲಿ. ನಾನು ತಟ್ಟೆ ಬಾರಿಸುವಷ್ಟು ಹೊತ್ತು ಪಾರ್ಸೆಲ್ ಕೈಯಿಂದ ಕೈಗೆ ಸಾಗಬೇಕು; ತಟ್ಟೆ ನಿಂತಾಗ ಅದು ಯಾರ ಕೈಯಲ್ಲಿದೆಯೋ ಅವರು ಒಂದು ಸುತ್ತು ಕಾಗದ ಬಿಚ್ಚಿ, ಒಳಗಿನ ಚೀಟಿ ಹೇಳಿದಂತೆ ಮಾಡಬೇಕು.

ಕಾಗದದ ಊರಿನವನು ಪಾರ್ಸೆಲ್ ಕಟ್ಟದೆ ಮತ್ತೇನು ಕಟ್ಟಿಯಾನು? ನಮ್ಮೂರಿನ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ ಹುಟ್ಟಿದ್ದು 1955ರಲ್ಲಿ. ಅದರ ಜನ್ಮದಿನಾಂಕಕ್ಕೆ ಹೆಡ್ ಮಾಸ್ತರರ ಸಹಾಯ ಬೇಕಾಗಿಲ್ಲ. ಈ ಊರಲ್ಲಿ ಕಾಗದ ಕಂಡರೆ ಬೆರಳಲ್ಲಿ ತಿಕ್ಕಿ ನೋಡುವುದು, ಬೆಳಕಿಗೆ ಹಿಡಿಯುವುದು ಎಲ್ಲರಿಗೂ ಅಂಟಿದ ಚಟ. ನಾನು ವರ್ಷವಿಡೀ ಹಳೆಯ ಕ್ಯಾಲೆಂಡರು, ಸೀರೆ ಅಂಗಡಿಯ ರಟ್ಟು, ಲಗ್ನಪತ್ರಿಕೆ ಕೂಡಿಹಾಕುತ್ತೇನೆ. ರಾತ್ರಿ ಕೂತು ಮೈದಾ ಅಂಟು ಕುದಿಸಿ ಸುತ್ತಿನ ಮೇಲೆ ಸುತ್ತು ಹಚ್ಚುತ್ತೇನೆ. ಪ್ರತಿ ಸುತ್ತಿನೊಳಗೆ ಒಂದು ಚೀಟಿ: ಮೂಗು ಮುಚ್ಚಿಕೊಂಡು ಮಗ್ಗಿ ಹೇಳು, ಅಜ್ಜಿಯ ಹಾಗೆ ಬೈ, ಒಂಟಿ ಕಾಲಲ್ಲಿ ನಿಂತು ಮಂಗಟ್ಟೆ ಹಕ್ಕಿಯ ಹಾಗೆ ಕೂಗು. ನಡುಮಧ್ಯೆ ಒಂದು ಕಂಪಾಸ್ ಬಾಕ್ಸು. ‘ಹುಟ್ಟುಹಬ್ಬ ಹುಡುಗಂದೋ ನಿಮ್ದೋ?’ ಎಂದು ಮನೆಯವಳು ಕೇಳುತ್ತಾಳೆ. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ.

ಅಂಟು ಒಣಗಲು ಕಾಯುವಾಗ ಒಮ್ಮೊಮ್ಮೆ ಬೇಡದ ಯೋಚನೆ ಬರುತ್ತದೆ. ಈ ಊರಿನ ಕಾಗದ ಒಂದು ಕಾಲಕ್ಕೆ ನಮ್ಮ ಕಾಡಿನ ಬಿದಿರಿನಿಂದ ಆಗುತ್ತಿತ್ತು. ಮಿಲ್ಲಿಗೆ ಅದನ್ನು ಮೊದಮೊದಲು ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತೆಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆದು ಬದುಕುವ ಮೇದಾರರು ಮಾತ್ರ ಅದೇ ಬಿದಿರನ್ನು ಪೇಟೆಯ ದರಕ್ಕೆ ಕೊಳ್ಳಬೇಕಿತ್ತು. ಆ ಆಟದಲ್ಲಿ ಪಾರ್ಸೆಲ್ ಯಾರ ಕೈಗೆ ಬಂದಾಗ ತಟ್ಟೆ ನಿಲ್ಲಬೇಕೆಂದು ಮೊದಲೇ ತೀರ್ಮಾನವಾಗಿತ್ತು.

ನನ್ನ ಆಟದಲ್ಲೂ ಹಾಗೇ ಎಂದು ಪಕ್ಕದ ಮನೆಯ ಹುಟ್ಟುಹಬ್ಬದಲ್ಲಿ ಆರೋಪ ಬಂತು.

ನಾನು ಮೊಬೈಲಿನ ಹಾಡು ಬಳಸುವುದಿಲ್ಲ. ಸ್ಟೀಲ್ ತಟ್ಟೆ, ಸಾರಿನ ಸೌಟು. ಹಳಿಯಾಳದ ಕಡೆಯ ಸಿದ್ದಿಗಳ ಡಮಾಮಿ ವಾದ್ಯ ಕೇಳಿ ಬೆಳೆದವನು. ಆ ಲಯ ತಟ್ಟೆಗೆ ಬರುವುದಿಲ್ಲ, ಆದರೆ ಬಾರಿಸುವವನ ಭುಜಕ್ಕೆ ಬರುತ್ತದೆ. ನಿಯಮದಂತೆ ಮಕ್ಕಳಿಗೆ ಬೆನ್ನು ಹಾಕಿ ನಿಂತೆ. ಎದುರಿಗೆ ಗೋದ್ರೆಜ್ ಕಪಾಟು. ಕಪಾಟಿಗೆ ಆಳೆತ್ತರದ ಕನ್ನಡಿ. ಕನ್ನಡಿಯಲ್ಲಿ ಇಡೀ ವರ್ತುಲ, ಕೈಯಿಂದ ಕೈಗೆ ತೆವಳುವ ನನ್ನ ಕುಂಬಳಕಾಯಿಯಂಥ ಪಾರ್ಸೆಲ್ಲು. ಮೂಲೆಯಲ್ಲಿ ಮುದುಡಿ ಕೂತ ಪುಟಾಣಿಗೆ ಒಂದು ಸುತ್ತು ಬಿಚ್ಚಲು ಸಿಗಲಿ, ಎರಡು ಸಲ ಬಿಚ್ಚಿದ ದಾಂಡಿಗನಿಗೆ ಇನ್ನು ಸಾಕು. ಇಂಥ ಸಾಮಾಜಿಕ ನ್ಯಾಯ ಹಂಚುತ್ತ ಭುಜ ಕುಣಿಸುತ್ತಿದ್ದೆ. ಆಗ ಎರಡನೇ ಇಯತ್ತೆಯ ಒಂದು ಹುಡುಗಿ ಎದ್ದು ನಿಂತು ಕಿರುಚಿದಳು:

‘ಅಂಕಲ್ ಕನ್ನಡ್ಯಾಗ ನೋಡಾಕತ್ತಾರ!’

ತಟ್ಟೆ ನಿಂತಿತು. ಪಾರ್ಸೆಲ್ ಯಾರ ಕೈಯಲ್ಲಿತ್ತೋ ಯಾರಿಗೂ ಬೇಕಾಗಲಿಲ್ಲ.

‘ಕನ್ನಡಿ ನೋಡಲಿಲ್ಲವ್ವಾ, ತಲಿ ಸರಿ ಮಾಡ್ಕೋತಿದ್ದೆ.’

‘ನಿಮಗ ತಲ್ಯಾಗ ಕೂದಲ ಎಲ್ಲದಾವ?’

ಸೋಫಾದ ಮೇಲಿದ್ದ ಹಿರಿಯರೆಲ್ಲ ಚೂಡಾದ ತಟ್ಟೆಯತ್ತ ಬಗ್ಗಿದರು. ದಾಂಡಿಗನಿಗೆ ಹಳೆಯ ಲೆಕ್ಕವೆಲ್ಲ ಒಮ್ಮೆಲೇ ತಿಳಿದುಹೋಯಿತು. ‘ಅದಕ್ಕ ಹೋದ ಸಲಾನೂ ನಂಗ ಬರಲಿಲ್ಲ!’ ವಿಚಾರಣೆ, ಸಾಕ್ಷಿ, ಮಹಜರು ಎಲ್ಲ ನಡೆದವು. ಒಬ್ಬ ಹುಡುಗ ನಾನು ನಿಂತಿದ್ದ ಜಾಗದಲ್ಲೇ ನಿಂತು ಕನ್ನಡಿಯಲ್ಲಿ ಯಾರು ಯಾರು ಕಾಣುತ್ತಾರೆಂದು ಎಣಿಸಿ ವರದಿ ಕೊಟ್ಟ. ತೀರ್ಪು: ಅಂಕಲ್ಲಿನ ಕಣ್ಣು ಕಟ್ಟಬೇಕು. ಯಾರದೋ ಓಢಣಿ ಬಂತು, ಹುಡುಗಿಯೇ ಹಿಂದಿನಿಂದ ಎರಡು ಗಂಟು ಹಾಕಿದಳು.

ಕಣ್ಣು ಕಟ್ಟಿದ ಮೇಲೆ ನನ್ನ ಕಲೆ ಇನ್ನೂ ಅರಳಿತು. ನಿಧಾನ, ಜೋರು, ಒಂದು ಉರುಳಿಕೆ, ಥಟ್ಟನೆ ಮೌನ. ‘ಯಾರಿಗೆ ಬಂತು?’ ಉತ್ತರವಿಲ್ಲ. ಹೊಸ ನಿಯಮದಂತೆ ಗುಟ್ಟಾಗಿ ಬಿಚ್ಚುತ್ತಿರಬೇಕು ಎಂದುಕೊಂಡು ಮತ್ತೆ ಬಾರಿಸಿದೆ. ಎಂಥ ಶಿಸ್ತಿನ ಮಕ್ಕಳು, ಪಿಟಕ್ಕೆನ್ನುತ್ತಿಲ್ಲ! ಖುಷಿಗೆ ಸೌಟು ಬಾಗಿತು. ಕೊನೆಗೆ ಹುಟ್ಟುಹಬ್ಬದ ಹುಡುಗನ ಅಜ್ಜಿ ತೋಳು ಹಿಡಿದು ಅಂದರು, ‘ಸಾಕೋ ತಮ್ಮಾ, ಹುಡುಗ್ರು ಪುರಿ ತಿನ್ನಾಕ ಕುಂತು ಆಗಲೇ ಎಷ್ಟೊತ್ತಾತು.’

ಪಾರ್ಸೆಲ್ಲನ್ನು ಪಡಸಾಲೆಗೆ ಹೊತ್ತೊಯ್ದು ಎಂಟು ಕಡೆಯಿಂದ ಹರಿದು ಹಾಕಿದ್ದರು. ನನ್ನ ಅಷ್ಟು ರಾತ್ರಿಗಳ ಮೈದಾ ಅಂಟು ಒಂದು ನಿಮಿಷವೂ ತಡೆದಿರಲಿಕ್ಕಿಲ್ಲ. ಕಂಪಾಸ್ ಬಾಕ್ಸಿನ ಒಂದೊಂದು ಸಾಮಾನು ಒಬ್ಬೊಬ್ಬರ ಪಾಲಾಗಿತ್ತು. ಕೋನಮಾಪಕ ಮುದುಡಿ ಕೂತಿದ್ದ ಪುಟಾಣಿಯ ಬಾಯಲ್ಲಿತ್ತು.

ಇಷ್ಟಾದರೂ ಇದು ಮೇಲು. ಜೊಯಿಡಾ ಕಡೆಯ ರಿಸಾರ್ಟೊಂದರಲ್ಲಿ ಪರಿಚಯದವರ ಮಗುವಿನ ಹುಟ್ಟುಹಬ್ಬ ನೋಡಿದ್ದೇನೆ. ಮೈಕು ಹಿಡಿದ ಬಾಡಿಗೆ ಹುಡುಗನೊಬ್ಬ ‘ಎಂಜಾಯ್ ಮಾಡ್ತಿದೀರಾ?’ ಎಂದು ಕೂಗುತ್ತಾನೆ. ಗೆದ್ದವರಿಗೂ ಸೋತವರಿಗೂ ಆಟವೇ ಆಡದವರಿಗೂ ಒಂದೇ ಬಣ್ಣದ ನೀರಿನ ಬಾಟಲಿ. ಯಾರೂ ಜಗಳವಾಡಲಿಲ್ಲ. ಜಗಳವೇ ಆಗದ ಆಟಕ್ಕೆ ಅಷ್ಟೊಂದು ದುಡ್ಡು ಯಾಕೆ ಸುರಿಯಬೇಕೋ!

ನಮ್ಮ ಓಣಿಯಲ್ಲಿ ಮುಂದಿನ ಹುಟ್ಟುಹಬ್ಬಕ್ಕೆ ಹೊಸ ಕರಾರಾಯಿತು. ತಟ್ಟೆ ಆ ಹುಡುಗಿಯ ಕೈಗೆ, ನಾನು ವರ್ತುಲದಲ್ಲಿ. ಮಂಡಿ ಮಡಚಿ ಕೂತೆ. ಆಕೆ ಗೋಡೆಗೆ ಮುಖ ಮಾಡಿ, ಬೇಕಿದ್ದರೆ ಪರೀಕ್ಷಿಸಿ ಎಂಬಂತೆ ಕಣ್ಣು ಬಿಗಿಯಾಗಿ ಮುಚ್ಚಿ ಬಾರಿಸಿದಳು. ಪಾರ್ಸೆಲ್ ನನ್ನ ತೊಡೆಗೆ ಬಿದ್ದ ಕ್ಷಣ ತಟ್ಟೆ ನಿಂತಿತು. ಬಿಚ್ಚಿದೆ. ಚೀಟಿಯಲ್ಲಿ ನನ್ನದೇ ಅಕ್ಷರ: ಒಂಟಿ ಕಾಲಲ್ಲಿ ನಿಂತು ಮಂಗಟ್ಟೆ ಹಕ್ಕಿಯ ಹಾಗೆ ಕೂಗು.

‘ದಾಂಡೇಲಿ ಕಾಡಿನಾಗ ನಾಲ್ಕು ಜಾತಿ ಮಂಗಟ್ಟೆ ಅದಾವವ್ವಾ, ಯಾವುದರ ಹಾಂಗ ಕೂಗಲಿ?’ ಎಂದು ಕಾನೂನಿನ ತೊಡಕು ಎತ್ತಿ ನೋಡಿದೆ.

‘ನಾಲ್ಕೂ ಕೂಗ್ರಿ.’

ಬಾಗಿಲ ಚೌಕಟ್ಟು ಹಿಡಿದು ಒಂದು ಕಾಲೆತ್ತಿ ಕೂಗಿದೆ. ಮೂರನೆಯ ಜಾತಿ ಮುಗಿಯುವಷ್ಟರಲ್ಲಿ ಮೇಲಿನ ಮನೆಯವರು ಮೆಟ್ಟಿಲಿಳಿದು ಓಡಿ ಬಂದು, ‘ಅಜ್ಜಾರಿಗೆ ಏನಾತ್ರಿ, ದವಾಖಾನಿಗೆ ಗಾಡಿ ತೆಗೀಲಿ?’ ಎಂದು ಕೇಳಿದರು.